ಹೊಳೆದಂಡೆಯ ಟೊಳ್ಳುಕಲ್ಲು

"ಸುಳ್ಳು ನಮೂದು." ಎರಡೇ ಪದ, ಪಕ್ಕದಲ್ಲಿ ಒಂದು ಕೆಂಪು ಚುಕ್ಕೆ. ಅಡುಗೆಮನೆಯ ಮೇಜಿನ ಮೇಲಿದ್ದ ಗಂಡನ ಫೋನಿನ ಮೇಲೆ ಬಗ್ಗಿ ಅದನ್ನು ಓದಿದ ಹಲ್ಲುಗಾರ್ತಿಗೆ ಕಿವಿಯ ತುದಿಯವರೆಗೂ ರಕ್ತ ನುಗ್ಗಿತು.

ಹಲ್ಲುಗಾರ್ತಿ ಎಂಬುದು ಬೀದಿಯವರು ಇಟ್ಟ ಹೆಸರು. ದಂತವೈದ್ಯರಿಗೆ ಕೃತಕ ಹಲ್ಲುಗಳನ್ನು ಮಾಡಿಕೊಡುವ ಕಾರ್ಯಾಗಾರವೊಂದರಲ್ಲಿ ಅವಳಿಗೆ ಕೆಲಸ. ಕಿಟಕಿಯ ಬಳಿಯ ಮೇಜು, ಗ್ಯಾಸಿನ ಸಣ್ಣ ಜ್ವಾಲೆ, ಮೇಣ, ಅಚ್ಚಿನ ಪುಡಿ, ಕೂದಲೆಳೆಯಷ್ಟು ತೆಳುವಾದ ಕುಂಚಗಳು: ಇಷ್ಟೇ ಅವಳ ಪ್ರಪಂಚ. ಅವಳ ಕಸುಬಿನಲ್ಲಿ ಹೊಗಳಿಕೆಗೆ ಎಡೆಯಿಲ್ಲ. "ಇದು ಕಟ್ಟಿಸಿದ ಹಲ್ಲೇ?" ಎಂದು ಯಾರಾದರೂ ಕೇಳಿದರೆ ಅದು ಅವಳ ಸೋಲು, ಯಾರೂ ಏನನ್ನೂ ಕೇಳದಿದ್ದರೆ ಅದೇ ಗೆಲುವು. ಇಷ್ಟು ವರ್ಷ ಈ ಮೌನದ ಗೆಲುವನ್ನೇ ಉಂಡು ಬದುಕಿದವಳಾದ್ದರಿಂದ ತನ್ನ ಕೈಚಳಕದ ಬಗ್ಗೆ ಅವಳಿಗೆ ಬಾಯಿಬಿಟ್ಟು ಹೇಳದ, ಆದರೆ ಎಳ್ಳಷ್ಟೂ ಬಗ್ಗದ ಹೆಮ್ಮೆಯಿತ್ತು.

ಆ ಹೆಮ್ಮೆಗೆ ಮನೆಯಲ್ಲಿ ಒಂದು ಆಟದ ಬಯಲು ಸಿಕ್ಕಿತ್ತು. ಬಲ್ಲವರು ಅದನ್ನು ಜಿಯೋಕ್ಯಾಷಿಂಗ್ ಎನ್ನುತ್ತಾರೆ, ಅವಳ ಅತ್ತೆ ಡಬ್ಬಿಬೇಟೆ ಎನ್ನುತ್ತಿದ್ದರು. ಒಬ್ಬರು ಒಂದು ಡಬ್ಬಿಯನ್ನು ಎಲ್ಲೋ ಬಚ್ಚಿಟ್ಟು ಅದರ ಜಾಗವನ್ನು ಸಂಘದ ನಕ್ಷೆಯಲ್ಲಿ ಗುರುತು ಮಾಡುತ್ತಾರೆ. ಉಳಿದವರು ಫೋನು ಹಿಡಿದು ಹೋಗಿ ಹುಡುಕುತ್ತಾರೆ. ಸಿಕ್ಕರೆ ಒಳಗಿನ ಕಾಗದಕ್ಕೆ ರುಜು ಹಾಕಿ, ಅದರಲ್ಲಿರುವ ಒಂದು ವಸ್ತುವನ್ನು ತೆಗೆದುಕೊಂಡು, ಅದಕ್ಕೆ ಸಮನಾದದ್ದನ್ನೋ ಅದಕ್ಕಿಂತ ಒಳ್ಳೆಯದನ್ನೋ ಇಟ್ಟು, ಡಬ್ಬಿಯನ್ನು ಇದ್ದಲ್ಲೇ ಇಟ್ಟು ಬರುತ್ತಾರೆ. ಕಾವಲಿಲ್ಲ, ಬೀಗವಿಲ್ಲ. ಮನುಷ್ಯರ ಮಾತಿನ ಮೇಲೆ ನಿಂತ ಆಟ. ಹಲ್ಲುಗಾರ್ತಿಗೆ ಅದು ಹಿಡಿಸಿದ್ದೇ ಆ ಕಾರಣಕ್ಕೆ.

ಈ ಮನೆಯವರು ಕೊಂಡು ತಂದದ್ದನ್ನು ಡಬ್ಬಿಗೆ ಹಾಕುತ್ತಿರಲಿಲ್ಲ. ಅತ್ತೆ ಹೆಬ್ಬೆರಳಿಗೆ ಹಾಕಬಹುದಾದಷ್ಟು ಪುಟ್ಟ ಉಣ್ಣೆಯ ಟೋಪಿಗಳನ್ನು ಹೆಣೆಯುತ್ತಿದ್ದರು. ಊರ ಬಸ್ಸಿನ ಚಾಲಕನಾದ ಗಂಡ ಸೀಟುಗಳ ಹರಿದ ಹೊದಿಕೆಗಳಿಂದ ಬೀಗದಕೈಗಳಿಗೆ ತೂಗುಪಟ್ಟಿ ಕತ್ತರಿಸುತ್ತಿದ್ದ. ಮಗಳು ಗುಂಡಿಗಳನ್ನೂ ತಾಮ್ರದ ತಂತಿಯನ್ನೂ ತಿರುಚಿ ಜೀರುಂಡೆಗಳನ್ನು ಮಾಡುತ್ತಿದ್ದಳು. ಆರು ಕಾಲುಗಳೂ ನೆಲಕ್ಕೆ ತಾಗಿ ನಿಲ್ಲದಿದ್ದರೆ ಬಿಚ್ಚಿ ಮತ್ತೆ ಮಾಡುತ್ತಿದ್ದಳು. ಡಬ್ಬಿಗಳು ಮಾತ್ರ ಹಲ್ಲುಗಾರ್ತಿಯ ಪಾಲು: ಮುರಿದ ಕೊಂಬೆಯಂತೆ ಕಾಣುವ ಒಂದು, ತುಕ್ಕು ಹಿಡಿದ ಬೋಲ್ಟಿನಂತೆ ಕಾಣುವ ಇನ್ನೊಂದು. ಈ ಸಲ ಅವಳು ಕಲ್ಲು ಮಾಡಿದ್ದಳು. ನಿಜವಾದ ಹೊಳೆಗಲ್ಲಿನಿಂದ ಅಚ್ಚು ತೆಗೆದು, ಹಲ್ಲಿಗೆ ಬಣ್ಣ ಕೂಡಿಸುವ ನಾಜೂಕಿನಲ್ಲೇ ಬೂದು, ಕಂದು, ನೀರಿನ ಗೆರೆಗಳನ್ನು ಕೂಡಿಸಿದ್ದಳು. ಅಡಿಯ ಮುಚ್ಚಳ ವಸಡಿಗೆ ಹಲ್ಲಿನ ಕಟ್ಟು ಕೂರುವಂತೆ ಕಚ್ಚಿ ಕೂರುತ್ತಿತ್ತು. ಎತ್ತಿ ನೋಡಿದವರಿಗೂ ತಿಳಿಯದಿರಲೆಂದು ಒಳಗೋಡೆಗೆ ಸೀಸದ ಗುಂಡುಗಳನ್ನು ಹುದುಗಿಸಿ ತೂಕವನ್ನೂ ಸರಿಹೊಂದಿಸಿದ್ದಳು.

ಆ ಕಲ್ಲನ್ನು ರೈಲು ಸೇತುವೆಯ ಕೆಳಗೆ, ಹೊಳೆಯ ಕಲ್ಲುದಂಡೆಯಲ್ಲಿ ಇಟ್ಟು ಬರುವ ಕೆಲಸವನ್ನು ಮೊದಲ ಬಾರಿಗೆ ಮಗಳಿಗೇ ಬಿಟ್ಟಿದ್ದರು. ಉಳಿದವರೆಲ್ಲ ಮೇಲಿನ ಬಸ್ ನಿಲ್ದಾಣದಲ್ಲಿ ಕಾದರು. ಹುಡುಗಿ ಒಬ್ಬಳೇ ಮೆಟ್ಟಿಲಿಳಿದು ಹೋಗಿ, ಮಂಡಿಯೆಲ್ಲ ಕೆಸರು ಮಾಡಿಕೊಂಡು ಬಂದು, "ಇಟ್ಟೆ" ಎಂದಳು. ನಕ್ಷೆಯಲ್ಲಿ ಗುರುತು ಹಾಕಿದವಳೂ ಅವಳೇ.

ಈಗ ಅದೇ ಗುರುತಿನ ಮೇಲೆ ಕೆಂಪು ಚುಕ್ಕೆ. ಸಂಘದ ನಕ್ಷೆಯ ಮೇಲ್ವಿಚಾರಕ ಎಲ್ಲರಿಗೂ ಕಾಣುವಂತೆ ಬರೆದಿದ್ದ: "ಹಲವು ಕುಟುಂಬಗಳು ಹುಡುಕಿ ಬರಿಗೈಯಲ್ಲಿ ಹಿಂತಿರುಗಿವೆ. ಇಟ್ಟವಳು ಮಗು. ಇಟ್ಟೇ ಇಲ್ಲವೆಂದು ತೋರುತ್ತದೆ. ಸುಳ್ಳು ನಮೂದು."

"ಮರೀ," ಎಂದ ಚಾಲಕ, ತಟ್ಟೆಯನ್ನು ಪಕ್ಕಕ್ಕೆ ಸರಿಸಿ. "ನಿಜ ಹೇಳು, ನಾನು ಬೈಯಲ್ಲ. ಇಟ್ಟೆ ತಾನೆ?"

ಮಗಳು ಚಮಚವನ್ನು ಕೆಳಗಿಟ್ಟಳು. "ಇಟ್ಟೆ ಅಂದೆನಲ್ಲ ಅಪ್ಪ."

"ಅಂದೆ, ಸರಿ. ಆದ್ರೂ... ಆ ಕಲ್ಲು ನಿಂಗೆ ಭಾಳ ಇಷ್ಟ ಆಗಿತ್ತು. ಬಿಟ್ಟು ಬರೋಕೆ ಮನಸ್ಸಾಗದೆ ಜೇಬಲ್ಲಿ ಹಾಕ್ಕೊಂಡು ಬಂದಿದ್ರೂ ಪರವಾಗಿಲ್ಲ, ಈಗ ಹೇಳಿಬಿಡು."

"ಬೈಯಲ್ಲ ಅಂತ ಶುರುಮಾಡೋದೇ ಒಂದು ಬೈಗುಳ ಕಣೋ," ಎಂದರು ಅತ್ತೆ, ಹೆಣಿಗೆಯಿಂದ ಕಣ್ಣೆತ್ತದೆ.

ಹಲ್ಲುಗಾರ್ತಿ ಗಂಡನ ಕಡೆಗೆ ತಿರುಗಿದಳು. "ಏನ್ರೀ, ನಿಮ್ಮ ಬಸ್ಸಲ್ಲಿ ಟಿಕೆಟ್ ತಗೊಂಡಿದೀನಿ ಅಂದವರ ಜೇಬೆಲ್ಲ ತಡಕ್ತೀರಾ?"

"ಅದು ಕಂಡಕ್ಟರ್ ಕೆಲಸ."

"ಹಾಗಾದ್ರೆ ಚಾಲಕರು ರಸ್ತೆ ನೋಡ್ಕೊಳ್ಳಿ. ಮಗಳ ಜೇಬಿಗೆ ಕೈ ಹಾಕಬೇಡಿ."

ಅಲ್ಲಿಗೇ ಅವಳ ಕೋಪ ತಣಿಯಲಿಲ್ಲ. ಆ ಮೇಲ್ವಿಚಾರಕ ಯಾರೆಂದು ಅವಳಿಗೆ ಗೊತ್ತಿತ್ತು. ವಿಮಾ ಕಂಪನಿಯೊಂದರಲ್ಲಿ ಜನರ ನಷ್ಟ ನಿಜವೋ ಸುಳ್ಳೋ ಎಂದು ತಪಾಸಣೆ ಮಾಡುವ ಅಧಿಕಾರಿ. ವಾರವಿಡೀ ಸಂಬಳಕ್ಕಾಗಿ ಅನುಮಾನಪಡುವವನು ರಜೆಯಲ್ಲಿ ಸಂತೋಷಕ್ಕಾಗಿ ಅನುಮಾನಪಡುತ್ತಿದ್ದ. ಅವಳು ಆಗಲೇ ಅವನಿಗೆ ಫೋನು ಮಾಡಿದಳು.

"ಮೇಡಂ, ಇದರಲ್ಲಿ ವೈಯಕ್ತಿಕ ಏನೂ ಇಲ್ಲ," ಎಂದ ತಪಾಸಣಾಧಿಕಾರಿ. ಅವನ ಧ್ವನಿ ಇಸ್ತ್ರಿ ಮಾಡಿದ ಅಂಗಿಯಂತಿತ್ತು.

"ಒಂದು ಮಗೂನ ಊರೆಲ್ಲ ಓದೋ ಹಾಗೆ ಸುಳ್ಳಿ ಅಂತ ಬರೆದಿದೀರಿ. ಅದಕ್ಕಿಂತ ವೈಯಕ್ತಿಕ ಇನ್ನೇನಿದೆ?"

"ಮಗು ಸುಳ್ಳಿ ಅಂತ ಬರೆದಿಲ್ಲ. ನಮೂದು ಸುಳ್ಳು ಅಂತ ಬರೆದಿದೀನಿ."

"ನಮೂದೇನು ತಾನೇ ನಡ್ಕೊಂಡು ಹೋಗಿ ನಕ್ಷೆ ಮೇಲೆ ಕೂತ್ಕೊಳ್ತಾ? ನೀವು ಖುದ್ದಾಗಿ ಹೋಗಿ ಹುಡುಕಿದ್ರಾ?"

"ನಾನೇ ಹೋಗಬೇಕು ಅಂತ ನಿಯಮ ಇಲ್ಲ. ವರದಿಗಳಿವೆ. ಪುರಾವೆ ತೋರಿಸಿ, ಕೆಂಪು ತೆಗೆದು ಹಸಿರು ಹಾಕ್ತೀನಿ. ಇಲ್ಲಾಂದ್ರೆ ಡಬ್ಬಿ ನಕ್ಷೆಯಿಂದ ಹೋಗುತ್ತೆ."

"ಭಾನುವಾರ ಬೆಳಿಗ್ಗೆ ಸೇತುವೆ ಹತ್ರ ಬನ್ನಿ. ನಿಮ್ಮ ಅಂಗೈಲಿ ಇಡ್ತೀನಿ!"

ಫೋನು ಇಟ್ಟು ತಿರುಗಿದಾಗ ಮಗಳು ಅವಳನ್ನೇ ನೋಡುತ್ತಿದ್ದಳು.

"ಯಾಕಮ್ಮ ತೋರಿಸ್ಬೇಕು? ನಾನು ಹೇಳಿದ್ದು ಸಾಲ್ದಾ?"

"ನಂಗೆ ಸಾಕು ಕಣೆ. ಅವನ ಬಾಯಿ ಮುಚ್ಚಿಸೋಕೆ."

ಮಗಳು ಎದ್ದು ಹೋಗಿ, ಅರ್ಧ ಮುಗಿದ ಜೀರುಂಡೆಯನ್ನೂ ತಂತಿಯ ಸುರುಳಿಯನ್ನೂ ತಗಡಿನ ಡಬ್ಬಕ್ಕೆ ಹಾಕಿ, ಕುರ್ಚಿ ಹತ್ತಿ ಅದನ್ನು ಕಪಾಟಿನ ನೆತ್ತಿಯ ಮೇಲೆ ಇಟ್ಟಳು. ವಾರವೆಲ್ಲ ಅದನ್ನು ಕೆಳಗಿಳಿಸಲಿಲ್ಲ.

ಭಾನುವಾರ ತಪಾಸಣಾಧಿಕಾರಿ ಬರುವುದಕ್ಕೆ ಸಾಕಷ್ಟು ಮುಂಚೆಯೇ ನಾಲ್ವರೂ ದಂಡೆಗಿಳಿದರು. ಸೇತುವೆಯ ನೆರಳು ಅರ್ಧ ದಂಡೆಯನ್ನು ಮುಚ್ಚಿತ್ತು. ಉಳಿದರ್ಧದಲ್ಲಿ ಕಲ್ಲುಗಳು ಬೆಳಗಿನ ಬಿಸಿಲಿಗೆ ಮೈಯೊಡ್ಡಿ ಬಿದ್ದಿದ್ದವು. ಬೂದು ಕಲ್ಲು, ಕಂದು ಕಲ್ಲು, ನೀರಿನ ಗೆರೆಯ ಕಲ್ಲು. ಫೋನಿನ ಬಾಣ ಸೇತುವೆಯ ಕಂಬಕ್ಕೂ ಚರಂಡಿಯ ಕೊಳವೆಗೂ ನಡುವೆ ಬಂದು ಗಿರಕಿ ಹೊಡೆಯತೊಡಗಿತು. ಬಾಣ ಅಂಗಳದಷ್ಟು ಜಾಗ ತೋರಿಸಬಲ್ಲದು, ಅಂಗೈಯಷ್ಟು ಜಾಗ ತೋರಿಸಲಾರದು.

"ಎಲ್ಲಿ ಇಟ್ಟೆ ಅಂತ ಸರಿಯಾಗಿ ತೋರಿಸೆ," ಎಂದ ಅಪ್ಪ.

"ಕಂಬಕ್ಕೂ ಕೊಳವೆಗೂ ಮಧ್ಯ, ಕಲ್ಲುಗಳ ಜೊತೆ. ಅವತ್ತೇ ಹೇಳಿದೀನಿ." ಮಗಳು ಮೆಟ್ಟಿಲಿನ ಮೇಲೆ, ಅವರಿಗೆ ಬೆನ್ನು ಹಾಕಿ ಕುಳಿತಳು. "ಮತ್ತೆ ಹೇಳಲ್ಲ."

"ಬಿಡ್ರಿ, ಅವಳನ್ನ ಯಾಕೆ ಕಾಡ್ತೀರಿ?" ಎಂದಳು ಹಲ್ಲುಗಾರ್ತಿ. "ನನ್ನ ಕೈಯಿಂದ ಆದದ್ದು ನನ್ನ ಕಣ್ಣಿಗೆ ಮರೆಯಾಗುತ್ತಾ?" ಅವಳು ಸುತ್ತ ಒಮ್ಮೆ ಕಣ್ಣಾಡಿಸಿ, ನೇರವಾಗಿ ಹೋಗಿ ಒಂದು ಕಲ್ಲನ್ನೆತ್ತಿ, ಅಡಿಯಲ್ಲಿ ಉಗುರು ತೂರಿಸಿ ಜಗ್ಗಿದಳು. ಮುಚ್ಚಳ ಬರಲಿಲ್ಲ. ಉಗುರು ಮುರಿಯಿತು. ಅದು ಕಲ್ಲೇ ಆಗಿತ್ತು.

"ಚೆನ್ನಾಗಿ ಮಾಡಿದೀಯ," ಎಂದರು ಅತ್ತೆ.

ಎರಡನೆಯದನ್ನು ಆರಿಸುವಾಗ ಅವಳು ಹೆಚ್ಚು ಹೊತ್ತು ತೆಗೆದುಕೊಂಡಳು. ಬಿಳಿಯ ಗೆರೆಯೊಂದನ್ನು ನೋಡಿ, "ಇದು ನಂದೇ, ಈ ಗೆರೆಗೆ ಕುಂಚ ಬದಲಾಯಿಸಿದ್ದು ನೆನಪಿದೆ," ಎಂದು ಅದನ್ನು ಕೊಳವೆಯ ಅಂಚಿಗೆ ತಾಗಿಸಿ ಬಿಡಿಸಲು ನೋಡಿದಳು. ಕೊಳವೆಯ ಅಂಚಿನ ಚಕ್ಕೆ ಎದ್ದಿತೇ ಹೊರತು ಕಲ್ಲಿಗೆ ಏನೂ ಆಗಲಿಲ್ಲ.

"ಆ ಗೆರೆಗೆ ಕುಂಚ ಬದಲಾಯಿಸಿದವನು ಮೇಲಿದಾನೆ," ಎಂದು ಅತ್ತೆ ಆಕಾಶದ ಕಡೆ ಹೆಣಿಗೆಯ ಸೂಜಿ ತೋರಿಸಿದರು.

"ಅತ್ತೆ, ಸುಮ್ನಿರಿ!"

"ಸುಮ್ನೇ ಇದೀನಮ್ಮ. ಕೂತು ನೋಡ್ತಿದೀನಿ. ತನ್ನ ಕೂಸನ್ನೇ ಗುರುತು ಹಿಡಿಯಲಾರದ ತಾಯೀನ ನೋಡೋ ಅವಕಾಶ ದಿನಾ ಸಿಗುತ್ತಾ?"

ಹೊತ್ತು ಏರುತ್ತ ಹೋಯಿತು. ಚಾಲಕ ಕಲ್ಲುಗಳನ್ನು ಒಂದೊಂದಾಗಿ ಎತ್ತಿ ತೂಗಿ ಪಕ್ಕಕ್ಕಿಡುತ್ತಿದ್ದ. ಯಾವುದು ನೋಡಿದ್ದು, ಯಾವುದು ನೋಡದ್ದು ಎಂಬುದು ಅವನಿಗೇ ಕಲಸಿಹೋಯಿತು. ಹಲ್ಲುಗಾರ್ತಿ ಬಗ್ಗಿ ಬಗ್ಗಿ ಸೊಂಟ ಹಿಡಿದುಕೊಂಡಳು. ಕೃತಕ ಹಲ್ಲನ್ನು ಮಾರು ದೂರದಿಂದ ಗುರುತಿಸಬಲ್ಲ ಕಣ್ಣು, ಬಣ್ಣದ ಒಂದು ಛಾಯೆ ತಪ್ಪಿದರೂ ಹಿಡಿಯಬಲ್ಲ ಕಣ್ಣು, ಈಗ ಕಲ್ಲುಗಳ ನಡುವೆ ಕುರುಡಾಗಿತ್ತು. ತನ್ನ ಕಣ್ಣು ಸೋತಿದೆಯೆಂದು ಒಪ್ಪಲು ಅವಳು ಸಿದ್ಧಳಿರಲಿಲ್ಲ. ಕಣ್ಣು ಸೋತಿಲ್ಲವೆಂದಾದರೆ ಕಲ್ಲು ಇಲ್ಲಿಲ್ಲ. ಕಲ್ಲು ಇಲ್ಲಿಲ್ಲವೆಂದಾದರೆ...

ಅವಳ ದೃಷ್ಟಿ ತಾನಾಗಿಯೇ ಮೆಟ್ಟಿಲಿನ ಕಡೆ ಹೊರಳಿತು. ಮಗಳ ನೀಲಿ ಅಂಗಿಯ ಜೇಬಿನ ಮೇಲೆ ನಿಂತಿತು. ಅದೇ ಗಳಿಗೆಗೆ ಮಗಳು ತಿರುಗಿ ನೋಡಿದಳು. ತಾಯಿಯ ಕಣ್ಣು ಎಲ್ಲಿದೆಯೆಂಬುದನ್ನು ಕಂಡಳು. ಎರಡೂ ಜೇಬುಗಳನ್ನು ಹೊರಕ್ಕೆ ಎಳೆದು, ನಾಯಿಯ ಕಿವಿಗಳಂತೆ ಜೋಲುಬಿಟ್ಟು, ಮತ್ತೆ ಹೊಳೆಯ ಕಡೆ ಮುಖ ಮಾಡಿದಳು.

ಹಲ್ಲುಗಾರ್ತಿಗೆ ಯಾರೋ ಕಪಾಳಕ್ಕೆ ಬಾರಿಸಿದಂತಾಯಿತು. ಗಂಡನಿಗೆ ಹೇಳಿದ ಮಾತುಗಳೆಲ್ಲ ತಿರುಗಿ ಬಂದು ಅವಳ ಮುಖಕ್ಕೇ ರಾಚಿದವು. ಒಂದು ಮಗು ಒಂದೇ ಮಾತನ್ನು, ಒಂದಕ್ಷರ ಅತ್ತಿತ್ತ ಆಗದಂತೆ, ಹೇಳುತ್ತಲೇ ಬಂದಿದೆ. ಆ ಮಾತನ್ನು ನಂಬುವುದಕ್ಕಿಂತ ತನ್ನ ಕಣ್ಣನ್ನು ನಂಬುವುದು ಅವಳಿಗೆ ಸುಲಭವಾಗಿತ್ತು! ದೊಡ್ಡವರೆನಿಸಿಕೊಂಡವರು ಮಕ್ಕಳಿಗೆ ಮಾಡುವ ಅನ್ಯಾಯಗಳಲ್ಲಿ ಇದರಷ್ಟು ಸಲೀಸಾದದ್ದು, ಇದರಷ್ಟು ಶಿಕ್ಷೆಯಿಲ್ಲದೆ ನಡೆದುಹೋಗುವಂಥದ್ದು ಮತ್ತೊಂದಿಲ್ಲ. ಮಗುವಿನ ಮಾತು ಸಾಬೀತಾಗುವವರೆಗೂ ಸುಳ್ಳು. ದೊಡ್ಡವರ ಮಾತು ಸಿಕ್ಕಿಬೀಳುವವರೆಗೂ ನಿಜ.

ಅವಳು ಅತ್ತೆಯ ಚೀಲ ತೆರೆದು, ಬುತ್ತಿಯ ಜೊತೆ ತಂದಿದ್ದ ಚಮಚಗಳನ್ನು ತೆಗೆದು ಒಂದನ್ನು ಗಂಡನತ್ತ ಎಸೆದಳು.

"ನನ್ನ ಕಣ್ಣಿಗೆ ಗೊತ್ತಾಗ್ತಿಲ್ಲ. ಕಾರ್ಯಾಗಾರದಲ್ಲಿ ಹಲ್ಲಿನ ಒಳಗೆ ಗುಳ್ಳೆ ಇದೆಯಾ ಅಂತ ತಟ್ಟಿ ನೋಡ್ತೀವಿ. ಟೊಳ್ಳಿದ್ರೆ ಸದ್ದು ಬೇರೆ ಬರುತ್ತೆ. ಒಂದೂ ಬಿಡದೆ ತಟ್ಟಿ."

"ಇದನ್ನ ಆಗಲೇ ಹೇಳಬಾರದಿತ್ತಾ?" ಎಂದ ಚಾಲಕ.

"ಹೇಳಬಹುದಿತ್ತು. ಹೇಳಿದ್ರೆ ನನಗೆ ಕಾಣ್ತಿಲ್ಲ ಅಂತ ಒಪ್ಪಿಕೊಂಡ ಹಾಗಾಗ್ತಿತ್ತು. ತಟ್ರಿ ಸುಮ್ನೆ."

ಅತ್ತೆಯೂ ಹೆಣಿಗೆ ಬಿಟ್ಟು ಸೂಜಿಯಿಂದಲೇ ತಟ್ಟತೊಡಗಿದರು. ಟಣ್, ಟಣ್, ಟಣ್. ಮೇಲಿನ ದಾರಿಯಲ್ಲಿ ನಾಯಿ ಅಡ್ಡಾಡಿಸುತ್ತಿದ್ದ ಹೆಂಗಸೊಬ್ಬಳು ನಿಂತು ನೋಡಿ, ನಾಯಿಯನ್ನು ಹತ್ತಿರಕ್ಕೆಳೆದುಕೊಂಡು ಬೇಗ ಬೇಗ ಹೋದಳು. ಕೊನೆಗೆ ಚಾಲಕನ ಚಮಚದ ಕೆಳಗೆ ಸದ್ದು ಬದಲಾಯಿತು. ಟಕ್. ಒಣಗಿದ ಕುಂಬಳದ ಬುರುಡೆಯ ಸದ್ದು. ಅವನು ಮತ್ತೆ ತಟ್ಟಿದ. ಟಕ್.

ಅದು ಕಂಬಕ್ಕೂ ಕೊಳವೆಗೂ ಮಧ್ಯದಲ್ಲೇ ಇತ್ತು, ಕಲ್ಲುಗಳ ಜೊತೆಗೇ. ಹಲ್ಲುಗಾರ್ತಿ ಬೆಳಿಗ್ಗೆಯಿಂದ ಅದನ್ನು ದಾಟಿಕೊಂಡೇ ಓಡಾಡುತ್ತಿದ್ದಳು. ಚಾಲಕನ ಮುಖ ಅರಳಿತು. ಕಲ್ಲನ್ನು ಎತ್ತಿ ಹೆಂಡತಿಯ ಮುಂದೆ ಹಿಡಿದ.

"ನನಗೆ ತೋರಿಸಬೇಡಿ. ಅವಳ ಕೈಗೆ ಕೊಡಿ."

ಅವನು ಮೆಟ್ಟಿಲಿನ ಬಳಿ ಹೋದ. "ಸಿಕ್ತು ಮರೀ! ನೀನು ಹೇಳಿದ ಕಡೆನೇ ಇತ್ತು. ನೀನು ನಿಜಾನೇ ಹೇಳಿದ್ದೆ."

ಮಗಳು ಕಲ್ಲನ್ನು ತೆಗೆದುಕೊಂಡಳು. ಅಡಿಯ ಮುಚ್ಚಳವನ್ನು ಸಲೀಸಾಗಿ ಬಿಡಿಸಿ, ಒಳಗಿನ ಜೀರುಂಡೆಗಳು ಹಾಗೆಯೇ ಇವೆಯೇ ಎಂದು ನೋಡಿ, ಮತ್ತೆ ಮುಚ್ಚಿದಳು. ನಂತರ ತಲೆಯೆತ್ತಿದಳು. ಅವಳು ಅಳುತ್ತಿರಲಿಲ್ಲ, ಅತ್ತಿದ್ದರೆ ದೊಡ್ಡವರಿಗೆ ಎಷ್ಟೋ ಹಗುರವಾಗುತ್ತಿತ್ತು.

"ಸಿಕ್ತು ಅಂತ ನಂಬಿದ್ರಿ. ಸಿಗದೇ ಹೋಗಿದ್ರೆ?"

ಚಾಲಕ ಕೈಯ ಕೆಸರನ್ನು ಅಂಗಿಗೆ ಒರೆಸಿಕೊಂಡ.

"ಹೊಳೆ ನೀರು ಬಂದು ಕೊಚ್ಕೊಂಡು ಹೋಗಿದ್ರೆ? ಯಾರಾದ್ರೂ ಎತ್ಕೊಂಡು ಹೋಗಿದ್ರೆ? ಆಗ್ಲೂ ನಾನು ಇಟ್ಟಿದ್ದು ಇಟ್ಟಿದ್ದೇ ಅಲ್ವಾ?"

"ಅಲ್ವಾ ಮತ್ತೆ," ಎಂದರು ಅತ್ತೆ ಮೆಲ್ಲಗೆ. ಅವರ ಬಾಯಲ್ಲೂ ಈಗ ತಮಾಷೆ ಇರಲಿಲ್ಲ.

ಮೇಲೆ ಕಾರಿನ ಬಾಗಿಲು ಮುಚ್ಚಿದ ಸದ್ದಾಯಿತು. ತಪಾಸಣಾಧಿಕಾರಿ ಹೊಳಪಿನ ಬೂಟುಗಳನ್ನು ಕೆಸರಿಗೆ ತಾಗಿಸದಂತೆ ಹೆಜ್ಜೆ ಆರಿಸಿಕೊಂಡು ಇಳಿಯತೊಡಗಿದ. ಚಾಲಕ ಮಗಳತ್ತ ಕೈ ಚಾಚಿದ. "ಕೊಡು ಇಲ್ಲಿ, ಅವನ ಮುಖಕ್ಕೆ ಹಿಡೀತೀನಿ."

"ರೀ, ಮುಟ್ಟಬೇಡಿ," ಎಂದಳು ಹಲ್ಲುಗಾರ್ತಿ. "ಅದು ಅವಳದ್ದು." ಮಗಳ ಪಕ್ಕ ಕುಕ್ಕರಗಾಲಲ್ಲಿ ಕೂತು ಕೇಳಿದಳು: "ತೋರಿಸೋದಾ, ಬೇಡವಾ? ನೀನು ಹೇಳಿದ ಹಾಗೆ."

ಮಗಳು ಕಲ್ಲನ್ನು ಕೈಯಲ್ಲಿ ಹೊರಳಿಸಿದಳು. "ತೋರಿಸ್ದಿದ್ರೆ ನಕ್ಷೆಯಿಂದ ತೆಗೆದುಹಾಕ್ತಾರೆ."

"ಹೂಂ. ತೆಗೀತಾರೆ."

"ತೆಗೀಲಿ," ಎಂದಳು ಮಗಳು. ಎದ್ದು ಹೋಗಿ ಕಲ್ಲನ್ನು ಮತ್ತೆ ಕಲ್ಲುಗಳ ನಡುವೆ ಇಟ್ಟು ಬಂದಳು. ಕೆಳಗೆ ಬೂಟುಗಳನ್ನೇ ನೋಡಿಕೊಂಡು ಇಳಿಯುತ್ತಿದ್ದ ಅಧಿಕಾರಿಗೆ ಅದು ಕಾಣಲಿಲ್ಲ.

"ನಮಸ್ಕಾರ," ಎಂದ ಅವನು ಬಂದು ನಿಂತು. "ಎಲ್ಲಿ, ಅಂಗೈಲಿ ಇಡ್ತೀನಿ ಅಂದಿದ್ರಿ."

"ಅಂದಿದ್ದೆ, ತಪ್ಪು ಮಾಡಿದೆ. ಡಬ್ಬಿ ಇಲ್ಲೇ ಇದೆ. ನನ್ನ ಮಗಳು ಇಟ್ಟಿದೀನಿ ಅಂದಿದಾಳೆ, ಇಟ್ಟಿದಾಳೆ. ನೀವು ಬರೆದ ಆ ಮಾತು ಅಳಿಸಿ, ಬರೆದ ಜಾಗದಲ್ಲೇ ತಪ್ಪಾಯ್ತು ಅಂತ ಬರೀರಿ. ಆಮೇಲೆ ಮಿಕ್ಕವರ ಹಾಗೆ ಬಗ್ಗಿ ಹುಡುಕಿ."

"ಮೇಡಂ, ತೋರಿಸಿಬಿಟ್ರೆ ಒಂದು ನಿಮಿಷದ ಕೆಲಸ. ಫೋಟೋ ಹೊಡೀತೀನಿ, ಹಸಿರು ಮಾಡ್ತೀನಿ. ಯಾಕೆ ಹಟ?"

"ಫೋಟೋ ನೋಡಿ ಹಸಿರು ಮಾಡಿದ್ರೆ ನೀವು ನಂಬಿದ್ದು ಫೋಟೋನ. ಮುಂದಿನ ಸಲ ಇನ್ನೊಂದು ಮಗು ಬಂದು ಇಟ್ಟೆ ಅಂದ್ರೆ ಮತ್ತೆ ಕೆಂಪು ಹಚ್ತೀರಿ."

"ಹಾಗಂತ ಎಲ್ಲರ ಬಾಯಿಮಾತೂ ನಂಬ್ಕೊಂಡು ಕೂತ್ರೆ ಸಂಘ ನಡೆಯುತ್ತಾ?"

"ಈ ಆಟದಲ್ಲಿ ಬಾಯಿಮಾತು ಬಿಟ್ರೆ ಇನ್ನೇನಿದೆ ಸ್ವಾಮಿ? ಸಿಗಲಿಲ್ಲ ಅಂದವರ ಬಾಯಿಮಾತು ನಂಬಿದ್ರಲ್ಲ, ಅವರ ಹತ್ರ ಯಾವ ಪುರಾವೆ ಕೇಳಿದ್ರಿ? ಸಿಗಲಿಲ್ಲ ಅಂತ ಬರೀಬೇಕಿತ್ತು, ಅದು ನಿಜ. ಕಲ್ಲು ಹುಡುಕೋಕೆ ಆಗದಷ್ಟು ಕಷ್ಟ ಇದೆ ಅಂತ ಬೈಬೇಕಿತ್ತು, ಅದೂ ನಿಜ. ನಾನೇ ಮಾಡಿದ ಕಲ್ಲು ನನಗೇ ಸಿಗದೆ ಬೆಳಿಗ್ಗೆಯಿಂದ ಪರದಾಡಿದೀನಿ, ಆ ತಪ್ಪು ನಂದು. ಆದ್ರೆ ನೀವು ಬರೆದದ್ದು ಇಟ್ಟೇ ಇಲ್ಲ ಅಂತ. ಅದು ನಿಮಗೆ ಹೇಗೆ ಗೊತ್ತು?"

ಅಧಿಕಾರಿ ಮಗಳ ಕಡೆ ನೋಡಿದ, ಜೋತುಬಿದ್ದ ಜೇಬುಗಳನ್ನು ನೋಡಿದ, ಏನೋ ಹೇಳಲು ಬಾಯಿ ತೆರೆದ. ಹಲ್ಲುಗಾರ್ತಿ ಬಿಡಲಿಲ್ಲ.

"ಆ ಜೇಬು ನೋಡಬೇಡಿ. ನಾನೂ ನೋಡಿದೆ. ಹೆತ್ತ ತಾಯಿ ನೋಡಿದ್ದಕ್ಕೆ ಅವಳು ಹೀಗೆ ಹೊರಗೆ ಎಳೆದು ತೋರಿಸಿದಾಳೆ. ನಾನು ಮಾಡಿದ್ದಕ್ಕೆ ನಾನು ತಲೆ ತಗ್ಗಿಸ್ತೀನಿ, ಇಲ್ಲೇ, ನಿಮ್ಮೆದುರಿಗೇ. ನಿಮ್ಮದಕ್ಕೆ ನೀವು ತಗ್ಗಿಸ್ತೀರೋ ಇಲ್ವೋ, ಅದು ನಿಮಗೆ ಬಿಟ್ಟಿದ್ದು."

ಅವನು ತಲೆ ತಗ್ಗಿಸಿದ್ದೇನೋ ನಿಜ, ಆದರೆ ಫೋನಿನ ಮೇಲೆ. ಹೆಬ್ಬೆರಳು ಅತ್ತಿತ್ತ ಓಡಿತು. "ನಿಯಮ ನಿಯಮವೇ ಮೇಡಂ. ಪುರಾವೆ ಕೊಟ್ಟಿಲ್ಲ. ತೆಗೆದಿದೀನಿ." ಅವನು ತಿರುಗಿ ಹೊರಟ. ಎರಡು ಹೆಜ್ಜೆ ಹೋಗುವಷ್ಟರಲ್ಲಿ ಬೂಟು ಜಾರಿ, ಒಂದು ಬೂದು ಕಲ್ಲಿನ ಮೇಲೆ ಕಾಲೂರಿ ಸಾವರಿಸಿಕೊಂಡ. ಅತ್ತೆ ಕೆಮ್ಮಿದರು. ಮಗಳು ತುಟಿ ಕಚ್ಚಿ ಹಿಡಿದಳು. ಕಲ್ಲು ಗಟ್ಟಿಯಾಗಿತ್ತು, ಕಾರ್ಯಾಗಾರದ ಅಚ್ಚಿನ ಪುಡಿ ದವಡೆಯ ಒತ್ತಡಕ್ಕೇ ಬಗ್ಗುವುದಿಲ್ಲ, ಒಬ್ಬ ಅಧಿಕಾರಿಯ ಭಾರಕ್ಕೆ ಬಗ್ಗೀತೇ? ಅವನು ಬೂಟಿನ ಕೆಸರನ್ನು ಅದಕ್ಕೇ ಒರೆಸಿ ಮೆಟ್ಟಿಲು ಹತ್ತಿದ.

ಆ ಸಂಜೆಯೇ ಹಲ್ಲುಗಾರ್ತಿ ಸಂಘದ ಪುಟದಲ್ಲಿ, ಎಲ್ಲರಿಗೂ ಕಾಣುವಲ್ಲಿ, ತನ್ನ ಹೆಸರಿನಲ್ಲಿ ಬರೆದಳು: ಕಲ್ಲನ್ನು ಸಿಗದಂತೆ ಮಾಡಿದ್ದು ತನ್ನ ಅಹಂಕಾರವೆಂದು, ಅದನ್ನು ಇಟ್ಟವಳು ಒಂದಕ್ಷರವೂ ಸುಳ್ಳಾಡಿಲ್ಲವೆಂದು, ಮೇಲ್ವಿಚಾರಕರು ಆ ಮಾತನ್ನು ಹಿಂತೆಗೆಯುವವರೆಗೆ ತಮ್ಮ ಮನೆಯ ಉಳಿದ ಡಬ್ಬಿಗಳೂ ಆ ನಕ್ಷೆಯಲ್ಲಿ ಇರುವುದಿಲ್ಲವೆಂದು. ಬರೆದು ಮುಗಿಸಿ ಮಗಳಿಗೆ ಓದಲು ಕೊಟ್ಟಳು. ಮಗಳು ಓದಿ, "ಅಹಂಕಾರ ಅಂತ ಹಾಕ್ಬೇಕಿತ್ತಾ?" ಎಂದಳು.

"ಬೇರೆ ಪದ ಗೊತ್ತಿದ್ರೆ ಹೇಳು."

ಮಗಳಿಗೆ ಗೊತ್ತಿರಲಿಲ್ಲ. ಹಾಗೆಯೇ ಕಳುಹಿಸಿದರು.

ಮೇಜಿನ ಆ ಕೊನೆಯಲ್ಲಿ ಚಾಲಕ ಸೀಟಿನ ಹೊದಿಕೆಯ ತುಂಡೊಂದನ್ನು ಸುಮ್ಮನೆ ಕತ್ತರಿಸುತ್ತ ಕುಳಿತಿದ್ದ. ಅದು ಯಾವ ಆಕಾರಕ್ಕೂ ಬಂದಿರಲಿಲ್ಲ. ಕೊನೆಗೆ ಕತ್ತರಿ ಕೆಳಗಿಟ್ಟ.

"ನಕ್ಷೆ ಇಲ್ದಿದ್ರೇನಂತೆ, ನಮ್ಮ ನಮ್ಮಲ್ಲೇ ಆಡೋಣ. ಮುಂದಿನ ಡಬ್ಬಿ ಎಲ್ಲಿ ಇಡ್ತೀಯ ಮರೀ?"

"ನಾನು ಇಡಲ್ಲ ಅಪ್ಪ. ನೀವು ಇಡಿ." ಮಗಳು ತನ್ನ ತಟ್ಟೆಯನ್ನೆತ್ತಿಕೊಂಡು ಎದ್ದಳು. "ಇಟ್ಟೆ ಅಂತ ಒಂದು ಸಲ ಹೇಳಿದ್ರೆ ಸಾಕು. ನಾನು ನಂಬ್ತೀನಿ."